‘ನಮ್ಮ’ ಪಾರ್ಕು ಅಂದ್ರೆ ಯಾರದ್ದು?

ಹೋದ ತಿಂಗಳು ಒಂದು ಬುಧವಾರ ಮಧ್ಯಾಹ್ನ ಕಬ್ಬನ್ ಪಾರ್ಕಿನಲ್ಲಿದ್ದೆ. ನಾನು ಅಲ್ಲಿಗೆ ಹೋಗೋದು ಸಾಮಾನ್ಯವಾಗಿ ಭಾನುವಾರ ಬೆಳಗ್ಗೆ, ಶೂ ಹಾಕ್ಕೊಂಡು, ಡಾಕ್ಟರ್ ಹೇಳಿದಷ್ಟು ಹೆಜ್ಜೆ ಎಣಿಸೋಕೆ. ಅವತ್ತು ಆ ಕಡೆ ಇದ್ದ ಕೆಲಸ ಬೇಗ ಮುಗಿದಿತ್ತು. ಬಿಸಿಲೂ ಜೋರಾಗಿತ್ತು. ಹೈಕೋರ್ಟಿನ ಹಿಂದುಗಡೆ ಒಂದು ಮರದ ಕೆಳಗೆ ಹೋಗಿ ಕೂತೆ.

ಪಕ್ಕದ ಮರದಡಿ ಒಂದು ಸಂಸಾರ. ಒಬ್ಬ ಅಜ್ಜ, ಅವರ ಹೆಂಡತಿ, ಇಪ್ಪತ್ತೆರಡು ಇಪ್ಪತ್ಮೂರರ ಮೊಮ್ಮಗ. ಮಾತು ಮದ್ದೂರು ಕಡೆಯದು. ಅಜ್ಜನ ತೊಡೆ ಮೇಲೆ ದಾರ ಸುತ್ತಿದ ಒಂದು ಹಳೇ ಫೈಲು. ಬೆಳಗ್ಗೆ ಐದಕ್ಕೇ ಬಸ್ ಹತ್ತಿದ್ದಾರಂತೆ. ಪಾಲಿನ ಕೇಸು. “ಇನ್ನೂ ಕರ್‌ದಿಲ್ಲ ಕಣಪ್ಪ, ಎರಡೂವರೆ ಮ್ಯಾಲೆ ಬನ್ನಿ ಅಂದವ್ರೆ ಲಾಯ್ರು” ಅಂದ್ರು ಅಜ್ಜ. ಅಜ್ಜಿ ಸ್ಟೀಲ್ ಡಬ್ಬಿ ಬಿಚ್ಚಿ ಚಿತ್ರಾನ್ನ ಹಾಕ್ತಾ ಇದ್ರು.

ಅಷ್ಟರಲ್ಲಿ ಒಬ್ಬರು ಬಂದರು. ಅರವತ್ತರ ಆಸುಪಾಸು, ಟ್ರ್ಯಾಕ್ ಪ್ಯಾಂಟು, ತಲೆಗೆ ಟೋಪಿ. ಇಲಾಖೆಯವರಲ್ಲ, ಗಾರ್ಡ್ ಅಲ್ಲ, ನನ್ನ ಹಾಗೇ ಪಾರ್ಕಿಗೆ ಬರೋರು. ತುಂಬ ಮರ್ಯಾದೆಯಿಂದಲೇ ಹೇಳಿದರು: “ಅಮ್ಮಾ, ಇಲ್ಲಿ ಊಟ ತಿಂಡಿ ಮಾಡೋ ಹಾಗಿಲ್ಲ. ರೂಲ್ಸ್ ಇದೆ.”

“ತಿಂದಾದ್ ಮ್ಯಾಲೆ ಎಲ್ಲಾ ಎತ್ಕೊಂಡ್ ಹೋಯ್ತೀವಿ ಸ್ವಾಮಿ.”

“ಎಲ್ರೂ ಹಾಗೇ ಹೇಳೋದಮ್ಮ. ಇದು ನಮ್ಮ ಪಾರ್ಕು, ನಾವು ತಾನೇ ನೋಡ್ಕೋಬೇಕು?”

ಅಜ್ಜಿ ಡಬ್ಬಿ ಮುಚ್ಚಿದರು. ಮೂವರೂ ಎದ್ದು ಗೇಟಿನ ಕಡೆ ಹೊರಟರು. ನಾನು ಒಂದು ಮಾತೂ ಆಡಲಿಲ್ಲ. ಈ ಬರಹ ಬರೀತಾ ಇರೋದೇ ಅದಕ್ಕೆ.

ಮನೆಗೆ ಬಂದ ಮೇಲೂ ತಲೆಯಲ್ಲಿ ಉಳಿದದ್ದು ಆ ‘ನಮ್ಮ’. ತೆಲುಗಿನವರ ಹತ್ತಿರ ಇದಕ್ಕೆ ಎರಡು ಮಾತಿವೆ. ಎದುರಿಗಿರುವವನನ್ನೂ ಸೇರಿಸಿಕೊಂಡು ಹೇಳಿದರೆ ‘ಮನ’, ಅವನನ್ನು ಬಿಟ್ಟು ಹೇಳಿದರೆ ‘ಮಾ’. ತಮಿಳಿನಲ್ಲೂ ಹಾಗೇ ಎರಡಿವೆ. ನಮಗೆ ಒಂದೇ. ‘ನಮ್ಮ ಬೆಂಗಳೂರು’, ‘ನಮ್ಮ ಮೆಟ್ರೊ’ ಅಂದಾಗ ಕೇಳುತ್ತಿರುವವನು ಒಳಗಿದ್ದಾನೋ ಹೊರಗಿದ್ದಾನೋ ಅಂತ ಕನ್ನಡ ಬಾಯಿಬಿಟ್ಟು ಹೇಳೋದಿಲ್ಲ. ಟೋಪಿಯವರು ಆಡಿದ್ದು ತೆಲುಗಿನ ‘ಮಾ’. ಅಜ್ಜಿಗೆ ಅದು ಅರ್ಥವಾಯಿತು, ಎದ್ದು ಹೋದರು.

ಈಗ ಎಲ್ಲ ಕಡೆ ಕೇಳಿಬರುವ ಮಾತು ‘ಸಮುದಾಯದ ಉಸ್ತುವಾರಿ’. ಕೆರೆಗೆ ಸಮುದಾಯ, ಪಾರ್ಕಿಗೆ ಸಮುದಾಯ, ಪಾರಂಪರಿಕ ಕಟ್ಟಡಕ್ಕೆ ಸಮುದಾಯ. ಸರ್ಕಾರದ ಕೈಲಿ ಆಗೋದಿಲ್ಲ, ಕಾರ್ಪೊರೇಷನ್ ಕೈಲಂತೂ ಸಾಧ್ಯವೇ ಇಲ್ಲ, ಆದ್ದರಿಂದ ಜನರೇ ನೋಡ್ಕೋಬೇಕು ಅನ್ನುವ ವಾದ. ಕೇಳೋಕೆ ಚೆನ್ನಾಗಿದೆ. ನಾನೂ ಬಹಳ ಕಾಲ ನಂಬಿದ್ದೆ, ಈಗಲೂ ಅರ್ಧ ನಂಬುತ್ತೇನೆ. ಆದರೆ ಆ ಸಮುದಾಯಕ್ಕೆ ಯಾರನ್ನು ಸೇರಿಸುತ್ತೇವೆ, ಯಾರನ್ನು ಬಿಡುತ್ತೇವೆ ಅನ್ನೋದನ್ನು ಕೇಳದೆ ಆ ಮಾತನ್ನು ಪೂರ್ತಿ ನುಂಗೋದು ಕಷ್ಟ.

ಮೊದಲು ಸಲ್ಲಬೇಕಾದ್ದನ್ನು ಸಲ್ಲಿಸಿಬಿಡೋಣ. ಬೆಳಗಿನ ವಾಕಿಂಗ್ ಮಂದಿ, ಪರಿಸರದವರು, ಮರದ ಹುಚ್ಚಿನವರು ಇಲ್ಲದೇ ಹೋಗಿದ್ದರೆ ಕಬ್ಬನ್ ಪಾರ್ಕ್ ಇವತ್ತು ಇಷ್ಟಾದರೂ ಉಳೀತಿರಲಿಲ್ಲ. ಎಂಬತ್ತರ ದಶಕದಲ್ಲಿ ಅಠಾರಾ ಕಚೇರಿಯನ್ನೇ, ಅಂದರೆ ಈಗ ಹೈಕೋರ್ಟ್ ಇರುವ ಆ ಕೆಂಪು ಕಟ್ಟಡವನ್ನೇ ಕೆಡವಿ ಹೊಸದು ಕಟ್ಟುವ ಮಾತಿತ್ತು. ಜನ ಎದ್ದು ನಿಂತರು, ಕಟ್ಟಡ ಉಳಿಯಿತು. 1998ರಲ್ಲಿ ಪಾರ್ಕಿನ ಒಂದಷ್ಟು ಜಾಗವನ್ನು ಕಾನೂನಿನ ರಕ್ಷಣೆಯಿಂದಲೇ ಹೊರಗೆ ತೆಗೆಯಲು ಸರ್ಕಾರ ಹೊರಟಾಗ ಊರಿಗೆ ಊರೇ ಗಲಾಟೆ ಮಾಡಿತು. ಶಾಲೆ ಮಕ್ಕಳಿಂದ ಹಿಡಿದು ಹಿರಿಯರ ತನಕ ಬೀದಿಗಿಳಿದರು. ಅದಾದ ಮೇಲೆ ಯಾವ ಸರ್ಕಾರವೇ ಆಗಲಿ, ಪಾರ್ಕಿಗೆ ಕೈ ಹಾಕುವ ಮುಂಚೆ ಎರಡು ಸಲ ಯೋಚಿಸುವಂತಾಯಿತು. 2019ರಲ್ಲಿ ಹಳೆಯ ಚುನಾವಣಾ ಆಯೋಗದ ಕಟ್ಟಡದ ಜಾಗದಲ್ಲಿ ಏಳು ಮಹಡಿ ಏಳುತ್ತದೆ ಅಂದಾಗಲೂ ತಡೆಯೋಕೆ ನಿಂತವರು ಈ ಜನವೇ. ಭಾನುವಾರ ಪಾರ್ಕಿನೊಳಗೆ ಕಾರು ಬೈಕು ಬಿಡಬೇಡಿ ಅಂತ ಬೆನ್ನು ಹತ್ತಿ ಆ ನಿಯಮ ತರಿಸಿದವರೂ ಇವರೇ. ಭಾನುವಾರ ಅಲ್ಲಿ ಮಕ್ಕಳು ನಡುರಸ್ತೆಯಲ್ಲಿ ಸೈಕಲ್ ಹೊಡೆಯೋದು ನೋಡಿದರೆ ಸಾಕು, ಆ ಹೋರಾಟದ ಬೆಲೆ ಗೊತ್ತಾಗುತ್ತದೆ.

ಇದನ್ನು ಮರೆತು ಟೀಕೆ ಮಾಡೋದು ಕೃತಘ್ನತನ. ಆದರೆ ಉಳಿಸಿದ ಮಾತ್ರಕ್ಕೆ ಪಾರ್ಕು ಅವರದ್ದಾಯಿತೇ? ಹಳ್ಳಿಯಲ್ಲಿ ಊರಬಾವಿಗೆ ಬಿದ್ದ ಕರುವನ್ನು ಎತ್ತಿದವನಿಗೆ ಊರು ಶಾಲು ಹೊದಿಸುತ್ತದೆ, ಬಾವಿ ಬರೆದುಕೊಡೋದಿಲ್ಲ.

ಸ್ವಲ್ಪ ಇತಿಹಾಸ ನೋಡಿ. 1870ರಲ್ಲಿ ಈ ಪಾರ್ಕನ್ನು ಮಾಡಿಸಿದ್ದು ಆಗ ಮೈಸೂರಿನ ಮುಖ್ಯ ಎಂಜಿನಿಯರ್ ಆಗಿದ್ದ ರಿಚರ್ಡ್ ಸ್ಯಾಂಕಿ. ಮೊದಲು ಸುಮಾರು 100 ಎಕರೆ, ಆಮೇಲೆ ಬೆಳೆದು ಸುಮಾರು 300. ಮೊದಲ ಹೆಸರು ಮೀಡ್ಸ್ ಪಾರ್ಕ್, ಆಗ ಹಂಗಾಮಿ ಕಮಿಷನರ್ ಆಗಿದ್ದ ಜಾನ್ ಮೀಡ್ ಹೆಸರಲ್ಲಿ. ಆಮೇಲೆ ಅದು ಕಬ್ಬನ್ ಪಾರ್ಕ್ ಆಯಿತು. 1927ರಲ್ಲಿ, ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯ ಬೆಳ್ಳಿಹಬ್ಬಕ್ಕೆ, ಅವರ ತಂದೆಯ ಹೆಸರಲ್ಲಿ ಶ್ರೀ ಚಾಮರಾಜೇಂದ್ರ ಉದ್ಯಾನ ಆಯಿತು. ಸುಮಾರು ನೂರು ವರ್ಷದಿಂದ ಸರ್ಕಾರಿ ಕಾಗದದಲ್ಲಿ ಅದೇ ಹೆಸರು. ಆದರೆ ಆಟೋದವರಿಗೆ ‘ಚಾಮರಾಜೇಂದ್ರ ಉದ್ಯಾನಕ್ಕೆ ಬರ್ತೀರಾ’ ಅಂತ ಕೇಳಿ ನೋಡಿ. 2020ರಲ್ಲಿ ಮಾರ್ಕ್ ಕಬ್ಬನ್ನನ ಕುದುರೆ ಸವಾರಿಯ ಪ್ರತಿಮೆಯನ್ನು ಹೈಕೋರ್ಟ್ ಮುಂದಿನಿಂದ ಎತ್ತಿ ಪಾರ್ಕಿನೊಳಕ್ಕೆ ತಂದು ಇಟ್ಟರು. ಪಾರ್ಕಿಗೆ ಹೆಸರು ಕೊಟ್ಟವನು ಪಾರ್ಕಿಗೆ ಬಂದು ಸೇರಿದ್ದು ನೂರೈವತ್ತು ವರ್ಷದ ಮೇಲೆ!

ಇಷ್ಟೆಲ್ಲಾ ಹೇಳಿದ್ದು ಯಾಕೆ ಅಂದರೆ, ಈ ಜಾಗಕ್ಕೆ ಆಳುವವರು ಹೆಸರು ಕೊಟ್ಟರು, ಗಡಿ ಹಾಕಿದರು, ಗಿಡ ನೆಡಿಸಿದರು. ಅದನ್ನು ಸಾರ್ವಜನಿಕ ಮಾಡಿದ್ದು ಮಾತ್ರ ಅದನ್ನು ಬಳಸಿದ ಜನ. ಬ್ಯಾಂಡ್‌ಸ್ಟ್ಯಾಂಡಿನ ಸುತ್ತ ಪೀಪಿ ಸಂಗೀತ ಕೇಳೋಕೆ ನಿಂತವರು, 1915ರಲ್ಲಿ ಕಟ್ಟಿದ ಶೇಷಾದ್ರಿ ಅಯ್ಯರ್ ಸ್ಮಾರಕ ಭವನದ ಲೈಬ್ರರಿಗೆ ಓದೋಕೆ ಬಂದವರು, ಬಾಲಭವನದ ಪುಟಾಣಿ ರೈಲಿಗೆ ಮಕ್ಕಳನ್ನು ಕರೆತಂದವರು, ಎದುರಿನ ವಿಧಾನಸೌಧಕ್ಕೆ ಅರ್ಜಿ ಹಿಡಿದು ಬಂದು ಮಂತ್ರಿ ಸಿಗದೆ ಮರದಡಿ ಮಲಗಿದವರು. ತೊಂಬತ್ತರ ದಶಕದಲ್ಲಿ ಹಸಿರು ಶಾಲು ಹೊದ್ದ ರೈತರು ಡಂಕೆಲ್ ಪ್ರಸ್ತಾವದ ವಿರುದ್ಧ ಬೆಂಗಳೂರಿಗೆ ಬಂದ ಕಾಲ ನೆನಪಿರುವವರಿಗೆ ಗೊತ್ತು, ಊರಿಗೆ ಬಂದ ಜನಕ್ಕೆ ಬುತ್ತಿ ಬಿಚ್ಚೋಕೆ ಈ ನೆರಳೇ ಗತಿ. ಈಗ ಪ್ರತಿಭಟನೆಗೆಲ್ಲ ಫ್ರೀಡಂ ಪಾರ್ಕ್ ಅಂತಾಗಿದೆ, ಹಳೇ ಸೆಂಟ್ರಲ್ ಜೈಲಿನ ಜಾಗ. ಸ್ವಾತಂತ್ರ್ಯ ಬೇಕಾದವರು ಜೈಲಿಗೆ ಹೋಗಿ ಕೂಗಬೇಕು! ಪಾರ್ಕಿನ ಶಾಂತಿಗೆ ಅದರಿಂದ ಒಳ್ಳೆಯದೇ ಆಗಿರಬಹುದು. ಆದರೆ ಊರಿನ ನಡುವಿನ ಜಾಗದಿಂದ ಒಂದು ಬಗೆಯ ಜನ ಹೊರಗಾದರು ಅನ್ನೋದೂ ಅಷ್ಟೇ ನಿಜ. ಜಾನಕಿ ನಾಯರ್ ಅವರು ಬೆಂಗಳೂರಿನ ಇಪ್ಪತ್ತನೇ ಶತಮಾನದ ಬಗ್ಗೆ ಬರೆದ ‘ದಿ ಪ್ರಾಮಿಸ್ ಆಫ್ ದಿ ಮೆಟ್ರೊಪೊಲಿಸ್’ ಓದಿದವರಿಗೆ ಈ ಜಗಳ ಹೊಸದಲ್ಲ.

ಕಾನೂನು ಏನು ಹೇಳುತ್ತದೆ? 1975ರ ಕರ್ನಾಟಕ ಸರ್ಕಾರಿ ಉದ್ಯಾನಗಳ ಸಂರಕ್ಷಣಾ ಕಾಯ್ದೆ ಕಬ್ಬನ್ ಪಾರ್ಕ್, ಲಾಲ್‌ಬಾಗ್‌ಗಳ ಜಾಗವನ್ನು ಮಾರಬಾರದು, ಪರಭಾರೆ ಮಾಡಬಾರದು ಅನ್ನುತ್ತದೆ. ಒಳ್ಳೆಯ ಕಾಯ್ದೆ. ಆದರೆ ಬೇಲಿ ಹಾಕಿದವನ ಕೈಯಲ್ಲೇ ಕುಡುಗೋಲೂ ಇದೆ. ಮೆಟ್ರೊಗೆ ಲಾಲ್‌ಬಾಗಿನ ಅಂಚು ಬೇಕಾದಾಗ ಕಾಯ್ದೆಯನ್ನೇ ತಿದ್ದಿದರು. ಇನ್ನೊಂದು ವಿಚಾರ. ಆ ಕಾಯ್ದೆ ನೆಲದ ಬಗ್ಗೆ ಮಾತಾಡುತ್ತದೆ, ಮರದ ಬಗ್ಗೆ ಮಾತಾಡುತ್ತದೆ. ಆ ನೆಲದ ಮೇಲೆ ಕೂರುವವರ ಬಗ್ಗೆ ಏನೂ ಹೇಳೋದಿಲ್ಲ. ಆ ಖಾಲಿ ಜಾಗದಲ್ಲೇ ಈಗ ‘ಸಮುದಾಯ’ ಬಂದು ಕೂತಿರೋದು.

ಆ ಸಮುದಾಯದ ಕಣ್ಣಿಗೆ ಯಾವುದು ಬೀಳುತ್ತದೆ, ಯಾವುದು ಬೀಳೋದಿಲ್ಲ ಅಂತ ನೋಡೋದು ಸ್ವಾರಸ್ಯದ ಕೆಲಸ. ಚಿತ್ರಾನ್ನದ ಡಬ್ಬಿ ಬೀಳುತ್ತದೆ. ಬಿದಿರು ಮೆಳೆ ಹತ್ತಿರ ಕೂತ ಹುಡುಗ ಹುಡುಗಿ ತಕ್ಷಣ ಬೀಳ್ತಾರೆ. ಬೆಂಚಿನ ಮೇಲೆ ಮಲಗಿದ ಡ್ರೈವರ್ ಬೀಳ್ತಾನೆ. ಆದರೆ ಪಾರ್ಕಿನ ಮೈಮೇಲೆ, ಅದರ ಮಗ್ಗುಲಲ್ಲಿ ಇರುವ ಕ್ಲಬ್ಬುಗಳು, ಟೆನಿಸ್ ಅಂಗಳ, ಕಚೇರಿಗಳು ನಮಗೆ ಮರ ಗಿಡದಷ್ಟೇ ಸಹಜವಾಗಿ ಕಾಣುತ್ತವೆ. ವಿಶ್ವೇಶ್ವರಯ್ಯನವರು 1917ರಲ್ಲಿ ಶುರು ಮಾಡಿಸಿದ ಸೆಂಚುರಿ ಕ್ಲಬ್ ಇರೋದೂ ಇಲ್ಲೇ. ಅವೆಲ್ಲ ಕಾನೂನಿನ ಪ್ರಕಾರ ಇರಬಹುದು, ಅವುಗಳಿಗೂ ಅವುಗಳದೇ ಚರಿತ್ರೆ ಇದೆ, ನಾನು ಅವನ್ನು ಎತ್ತಂಗಡಿ ಮಾಡಿ ಅಂತ ಹೇಳ್ತಾ ಇಲ್ಲ. ನನ್ನ ತಕರಾರು ಇಷ್ಟೇ. ಗೋಡೆ ಕಟ್ಟಿಕೊಂಡು, ಮೆಂಬರ್‌ಶಿಪ್ ಇಟ್ಟುಕೊಂಡು, ಒಳಗೆ ಮೇಜು ಹಾಕಿ ಉಂಡರೆ ಅದು ಪರಂಪರೆ. ಮೂರು ಜನ ಅರ್ಧ ಗಂಟೆ ಕೂತು ಡಬ್ಬಿಯಿಂದ ಉಂಡರೆ ಅದು ಗಲೀಜು. ಈ ಲೆಕ್ಕ ಯಾವ ಶಾಲೆಯಲ್ಲಿ ಕಲಿತದ್ದು?

ಇಂಥ ಮಾತು ಬಂದಾಗಲೆಲ್ಲ ಯಾರಾದರೂ ಒಬ್ಬರು ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕಿನ ಉದಾಹರಣೆ ತೆಗೀತಾರೆ. ಅಲ್ಲಿ 1980ರಲ್ಲಿ ನಾಗರಿಕರೇ ಸೇರಿ ಕನ್ಸರ್ವೆನ್ಸಿ ಅಂತ ಸಂಸ್ಥೆ ಕಟ್ಟಿದರು, ದೇಣಿಗೆ ಎತ್ತಿದರು, ಹಾಳು ಸುರೀತಿದ್ದ ಪಾರ್ಕನ್ನು ಎತ್ತಿ ನಿಲ್ಲಿಸಿದರು. ನಿಜ, ದೊಡ್ಡ ಕೆಲಸ. ಆದರೆ ಅದೇ ಪಾರ್ಕ್ ಮಾಡೋಕೆ 1857ರಲ್ಲಿ ಸೆನೆಕಾ ವಿಲೇಜ್ ಅನ್ನುವ, ಹೆಚ್ಚಾಗಿ ಕಪ್ಪು ಜನರೇ ಮನೆ ಜಮೀನು ಮಾಡಿಕೊಂಡಿದ್ದ ಒಂದು ಊರನ್ನು ಖಾಲಿ ಮಾಡಿಸಿದ್ದರು. ಆ ಊರಿನ ನೆನಪೂ ನೂರು ವರ್ಷಕ್ಕಿಂತ ಹೆಚ್ಚು ಕಾಲ ಯಾರಿಗೂ ಇರಲಿಲ್ಲ. ಚಂದದ ಪಾರ್ಕು ಮತ್ತು ಮರೆವು ಜೊತೆಜೊತೆಗೇ ಬೆಳೆಯಬಲ್ಲವು. ಇನ್ನು ದುಡ್ಡಿರುವವರು ‘ದತ್ತು’ ತಗೊಳ್ಳುವ ವಿಚಾರ. ಪಾರ್ಕಿನ ಪಕ್ಕದ ವೆಂಕಟಪ್ಪ ಚಿತ್ರಶಾಲೆಯನ್ನು ಖಾಸಗಿಯವರಿಗೆ ದತ್ತು ಕೊಡ್ತೀವಿ ಅಂತ ಸರ್ಕಾರ ಹೊರಟಾಗ, 2016ರಲ್ಲಿ ಕಲಾವಿದರು ಅಲ್ಲೇ ಸೇರಿ ಪ್ರತಿಭಟಿಸಿದರು. ಕಟ್ಟಡಕ್ಕೆ ಸುಣ್ಣಬಣ್ಣ ಬೇಡ ಅಂತ ಅವರಲ್ಲಿ ಯಾರೂ ಹೇಳಲಿಲ್ಲ. ಚಿಕ್ಕ ಊರಿನಿಂದ ಬಂದ ಹುಡುಗ ಕಡಿಮೆ ಬಾಡಿಗೆಗೆ ತನ್ನ ಚಿತ್ರ ತೂಗುಹಾಕುವ ಜಾಗ ಇನ್ನು ಯಾರ ಅಭಿರುಚಿಯ ಅಪ್ಪಣೆಗೆ ಕಾಯಬೇಕು ಅನ್ನೋದು ಅವರ ಪ್ರಶ್ನೆ. ತಂದೆ ತಾಯಿ ಇರುವ ಮಗುವನ್ನು ದತ್ತು ಕೊಡೋದು ಯಾವ ನ್ಯಾಯ ಅಂತ ನಾನೂ ಕೇಳ್ತೇನೆ.

ಹಾಗಾದರೆ ಸಮುದಾಯವೇ ಬೇಡವೇ? ಬೇಕು. ಅದರ ಒಂದು ಬೇರೆ ಮಾದರಿ ಕಬ್ಬನ್ ಪಾರ್ಕಿನ ಮಗ್ಗುಲಲ್ಲೇ ಇದೆ.

ಇವತ್ತಿನ ಕಂಠೀರವ ಕ್ರೀಡಾಂಗಣ ಇರುವುದು ಸಂಪಂಗಿ ಕೆರೆಯ ಅಂಗಳದಲ್ಲಿ. ಒಂದು ಕಾಲಕ್ಕೆ ಆ ಕೆರೆ ನೀರಲ್ಲಿ ತೋಟ ಬೆಳೆದವರಿದ್ದರು, ದನ ಕುರಿಗೆ ನೀರು ಕುಡಿಸಿದವರಿದ್ದರು, ಅಂಗಳದ ಮಣ್ಣಿನಲ್ಲಿ ಇಟ್ಟಿಗೆ ಸುಟ್ಟವರಿದ್ದರು. ಆಮೇಲೆ ಕಂಟೋನ್ಮೆಂಟಿನವರಿಗೆ ಪೋಲೊ ಆಡೋಕೆ ಅಂಗಳ ಒಣಗಿರಬೇಕಿತ್ತು, ತೋಟದವರಿಗೆ ನೀರು ನಿಂತಿರಬೇಕಿತ್ತು. ಯಾರು ಗೆದ್ದರು ಅಂತ ಹೇಳಬೇಕಾಗಿಲ್ಲ. ಕೆರೆ ಹೇಗೆ ಕ್ರೀಡಾಂಗಣವಾಯಿತು ಅನ್ನೋದನ್ನು ಹರಿಣಿ ನಾಗೇಂದ್ರ ಮತ್ತು ಅವರ ಜೊತೆಗಾರರು ಹಳೆಯ ನಕ್ಷೆ, ದಾಖಲೆ ಇಟ್ಟುಕೊಂಡು ಬಿಡಿಸಿ ತೋರಿಸಿದ್ದಾರೆ.

ಆದರೆ ಕೆರೆ ಪೂರ್ತಿ ಹೋಗಲಿಲ್ಲ. ಒಂದು ಸಣ್ಣ ಕೊಳ ಉಳಿದಿದೆ. ಅದನ್ನು ಉಳಿಸಿದ್ದು ಯಾವ ಕಾಯ್ದೆಯೂ ಅಲ್ಲ, ಕರಗ. ಬೆಂಗಳೂರು ಕರಗದ ಶಾಸ್ತ್ರಕ್ಕೆ ತಿಗಳರು ಆ ನೀರಿನ ಹತ್ತಿರ ಬರಲೇಬೇಕು. ವರ್ಷಕ್ಕೊಮ್ಮೆ ಬರ್ತಾರೆ. ‘ಇದು ನಮ್ಮ ಕೆರೆ’ ಅಂತ ಬೋರ್ಡ್ ಹಾಕಿಲ್ಲ, ಮಿಕ್ಕ ದಿನ ಯಾರನ್ನೂ ಎಬ್ಬಿಸೋಕೆ ಹೋಗೋದಿಲ್ಲ. ಆದರೆ ಅವರು ಬರ್ತಾರೆ ಅನ್ನುವ ಒಂದೇ ಕಾರಣಕ್ಕೆ ಅಲ್ಲಿ ನೀರು ಇರಬೇಕಾಗಿದೆ. ಬಳಕೆಯೇ ಅಲ್ಲಿ ಕಾವಲು. ಇದನ್ನು ನಾನು ಸಿಕ್ಕಾಪಟ್ಟೆ ವೈಭವೀಕರಿಸೋದಿಲ್ಲ. ದೊಡ್ಡ ಕೆರೆಯೊಂದು ಕೊಳವಾಗಿ ಉಳಿದದ್ದು ಸೋಲೇ. ಆದರೂ ಹಕ್ಕು ಸಾಧಿಸದೆ ಒಂದು ಜಾಗವನ್ನು ಬಿಡದೆ ಹಿಡಿದುಕೊಳ್ಳೋದು ಹೇಗೆ ಅಂತ ಅವರಿಂದ ಕಲಿಯಬಹುದು.

ಈಚೆಗೆ ಪಾರ್ಕಿನಲ್ಲೇ ಇದರ ಇನ್ನೊಂದು ರೂಪ ನೋಡಿದೆ. 2023ರ ಶುರುವಿನಿಂದ ಶನಿವಾರ ಬೆಳಗ್ಗೆ ಹುಡುಗ ಹುಡುಗಿಯರು ಚಾಪೆ ಹಾಸ್ಕೊಂಡು ಸುಮ್ಮನೆ ಪುಸ್ತಕ ಓದ್ತಾರೆ. ಭಾಷಣ ಇಲ್ಲ, ಮೈಕ್ ಇಲ್ಲ. ಇಲ್ಲಿ ಹುಟ್ಟಿದ ಈ ಪದ್ಧತಿ ಬೇರೆ ಬೇರೆ ಊರುಗಳಿಗೂ ಹಬ್ಬಿತು. ಜನ ಜಾಸ್ತಿ ಸೇರಿದಾಗ ಇಲಾಖೆಗೆ ಗಾಬರಿ ಆಗೋದೂ ಸಹಜ, ಹುಲ್ಲು ಸವೆಯುತ್ತದೆ, ಕಸ ಬೀಳುತ್ತದೆ. ಇವರಿಗೂ ನಾನೊಂದು ಪ್ರಶ್ನೆ ಇಡಬೇಕು. ನೂರು ಹೆಜ್ಜೆ ಆಚೆ ಲೈಬ್ರರಿಯಲ್ಲಿ ಕೆಎಎಸ್, ಪಿಡಿಒ ಪರೀಕ್ಷೆಗೆ ಕನ್ನಡ ಗೈಡ್ ಇಟ್ಟುಕೊಂಡು ಓದುವ ರಾಯಚೂರಿನ ಹುಡುಗ, ಬೀದರಿನ ಹುಡುಗಿ ಈ ಚಾಪೆಯ ಮೇಲೆ ಯಾಕೆ ಕಾಣೋದಿಲ್ಲ? ಅವರೂ ಓದ್ತಾ ಇರೋದು ಪುಸ್ತಕವೇ ಅಲ್ಲವೇ?

ನನಗೆ ಇದು ಚುಚ್ಚೋದಕ್ಕೆ ಕಾರಣ ಇದೆ. ಬಹಳ ವರ್ಷದ ಹಿಂದೆ ಆ ಲೈಬ್ರರಿಯಲ್ಲಿ ಗೈಡ್ ಓದ್ತಿದ್ದ ಹುಡುಗ ನಾನು. ರೂಮಿನಲ್ಲಿ ಬೆಳಗ್ಗೆ ಮಾಡಿ ತಂದ ಚಿತ್ರಾನ್ನವನ್ನು ಪೇಪರಿನಲ್ಲಿ ಕಟ್ಟಿಕೊಂಡು ಬಂದು ಇದೇ ಮರಗಳ ಕೆಳಗೆ ತಿಂದವನು. ನಲ್ಲಿ ಎಲ್ಲಿದೆ ಅಂತ ತೋರಿಸಿದ್ದು ಒಬ್ಬ ಮಾಲಿ. ಆಗ ಯಾರೂ ಬಂದು ‘ನಮ್ಮ ಪಾರ್ಕು’ ಅನ್ನಲಿಲ್ಲ. ಅಂದಿದ್ದರೆ ಪರೀಕ್ಷೆ ಬರೀತಿದ್ದೆನೋ ಇಲ್ಲವೋ, ಬೆಂಗಳೂರನ್ನು ನನ್ನ ಊರು ಅಂದುಕೊಳ್ಳೋಕೆ ಇನ್ನೂ ಹತ್ತು ವರ್ಷ ಹಿಡೀತಿತ್ತು. ಈಗ ಶೂ ಬಂದಿದೆ, ಹೆಜ್ಜೆ ಎಣಿಸುವ ವಾಚು ಬಂದಿದೆ, ಬುಧವಾರ ಬಾಯಿ ಕಟ್ಟಿದೆ.

ಮಾಲಿ ಅಂದಾಗ ಇನ್ನೊಂದು ಮಾತು. ಪಾರ್ಕನ್ನು ದಿನಾ ನೋಡ್ಕೊಳ್ಳೋರು ಅಂದರೆ ಎಲೆ ಗುಡಿಸುವ ಹೆಂಗಸರು, ನೀರು ಹಾಯಿಸುವವರು, ಒಣಗಿದ ಕೊಂಬೆ ಇಳಿಸುವವರು. ಜನವರಿ ಕಳೆದು ಟಬೂಬಿಯಾ ಗುಲಾಬಿ ಬಣ್ಣದ ಹೂ ಚೆಲ್ಲಿದಾಗ ನಾವು ಫೋಟೊ ತೆಗೀತೀವಿ, ಅವರಿಗೆ ಅದು ಎರಡು ಪಟ್ಟು ಕಸ. ಒಂದು ಸಲ ಒಬ್ಬಾಕೆಯನ್ನು ಕೇಳಿದೆ, “ಅಕ್ಕಾ, ನೀವು ಊಟ ಎಲ್ಲಿ ಮಾಡ್ತೀರಾ?” ಸೆರಗಲ್ಲಿ ಮುಖ ಒರೆಸ್ಕೊಂಡು ನಕ್ಕರು. “ಅಲ್ಲೇ ಎಲ್ಲಾರ ಮರದ್ ಹಿಂದೆ ಕೂತ್ಕತೀವಣ್ಣ, ಕಾಣ್ದಂಗೆ.” ಯಾವ ಸಮುದಾಯ ಸಭೆಗಾದರೂ ಇವರನ್ನು ಕರೆದಿದ್ದು ನಾನಂತೂ ನೋಡಿಲ್ಲ.

ಕನ್ನಡದಲ್ಲಿ ‘ಕಾಯೋದು’ ಅಂದರೆ ಕಾವಲು ಇರೋದೂ ಹೌದು, ದಾರಿ ನೋಡ್ತಾ ಕೂರೋದೂ ಹೌದು. ಕಬ್ಬನ್ ಪಾರ್ಕಿನಲ್ಲಿ ಈ ಎರಡೂ ಬಗೆಯವರಿದ್ದಾರೆ. ಬೆಳಗ್ಗೆ ಬಂದು ಪಾರ್ಕ್ ಕಾಯುವವರು, ಮಧ್ಯಾಹ್ನ ಬಂದು ಪಾರ್ಕಿನಲ್ಲಿ ಕಾಯುವವರು. ಮೊದಲನೆಯವರಿಗೆ ಸಂಘ ಇದೆ, ಪತ್ರಿಕೆಯವರ ನಂಬರ್ ಇದೆ, ವಕೀಲರ ಸ್ನೇಹ ಇದೆ. ಎರಡನೆಯವರಿಗೆ ಒಂದು ಫೈಲು, ಒಂದು ಡಬ್ಬಿ, ಸಂಜೆಯ ಕೊನೇ ಬಸ್ಸಿನ ಯೋಚನೆ. ಮೊದಲನೆಯವರು ಎರಡನೆಯವರನ್ನು ಎಬ್ಬಿಸಿ ಕಳಿಸುವ ಉಸ್ತುವಾರಿಗೆ ಸಮುದಾಯ ಅನ್ನುವ ಹೆಸರು ಸಲ್ಲದು.

ಕಸದ ಪ್ರಶ್ನೆ ಇಲ್ಲವೇ ಅಂತ ಕೇಳ್ತೀರಿ. ಇದೆ. ಪ್ಲಾಸ್ಟಿಕ್ ತಟ್ಟೆ ಎಸೆದು ಹೋಗುವವರಿದ್ದಾರೆ, ಮಿಕ್ಕ ಅನ್ನಕ್ಕೆ ಇಲಿ ಹೆಗ್ಗಣ ಬರುತ್ತವೆ, ಬೀದಿನಾಯಿ ಸೇರುತ್ತವೆ. ತಿಂಡಿ ತರಬೇಡಿ ಅನ್ನುವ ನಿಯಮ ಸುಮ್ಮನೆ ಹುಟ್ಟಿದ್ದಲ್ಲ. ಆದರೆ ಅದಕ್ಕೆ ಬೇರೆ ದಾರಿ ಇದೆ. ಹೈಕೋರ್ಟಿನ ಕಡೆ ಊಟಕ್ಕೇ ಅಂತ ಒಂದಷ್ಟು ಜಾಗ ಗುರುತು ಮಾಡಿ, ಅಲ್ಲಿ ಕಲ್ಲುಬೆಂಚು, ಕುಡಿಯುವ ನೀರಿನ ನಲ್ಲಿ, ಕೈ ತೊಳೆಯೋಕೆ ತೊಟ್ಟಿ, ಮುಚ್ಚಳ ಇರುವ ಕಸದ ಡಬ್ಬ ಇಡಿ. ಎಲ್ಲಿ ಕೂರಬಹುದು ಅಂತ ದೊಡ್ಡ ಅಕ್ಷರದ ಕನ್ನಡ ಬೋರ್ಡ್ ಹಾಕಿ. ಈಗಿನ ಬೋರ್ಡುಗಳಲ್ಲಿ ಬರೀ ಕೂಡದು, ಮಾಡಬಾರದು, ನಿಷೇಧಿಸಿದೆ. ಪಾರ್ಕಿನ ಬಗ್ಗೆ ನಾಗರಿಕರ ಸಭೆ ಮಾಡುವುದಾದರೆ ಒಂದು ಸಲವಾದರೂ ಕೋರ್ಟ್ ನಡೆಯುವ ದಿನ ಮಧ್ಯಾಹ್ನ ಒಂದೂವರೆಗೆ, ಮರದ ಕೆಳಗೇ ಮಾಡಿ. ಗುಡಿಸುವ ಅಕ್ಕಂದಿರನ್ನು ಮುಂದಿನ ಸಾಲಿನಲ್ಲಿ ಕೂರಿಸಿ. ಯಾರಿಗೆ ಏನು ಬೇಕು ಅಂತ ಆಗ ಗೊತ್ತಾಗುತ್ತದೆ. ಬಹುಶಃ ಅವರು ಕೇಳೋದು ಒಂದು ಶೌಚಾಲಯ ಅಷ್ಟೇ.

ಇದರಿಂದ ವಾಕಿಂಗ್ ಮಂದಿಗೇ ಲಾಭ. ಇನ್ನೊಮ್ಮೆ ಯಾವುದೋ ಸರ್ಕಾರ ಪಾರ್ಕಿನ ಮೂಲೆ ಕೇಳುತ್ತದೆ, ಅದರಲ್ಲಿ ಅನುಮಾನವೇ ಬೇಡ. ಅವತ್ತು ಬರೀ ಬೆಳಗಿನ ಜನ ನಿಂತರೆ ‘ಇವರು ನಾಲ್ಕು ಜನ ಶೋಕಿಯವರು’ ಅಂತ ಮಂತ್ರಿಗಳು ಕೈ ಬೀಸಿಬಿಡ್ತಾರೆ. ಮದ್ದೂರಿನ ಅಜ್ಜನೂ ನಿಂತರೆ ಹಾಗೆ ಅನ್ನೋಕೆ ಬಾಯಿ ಬರೋದಿಲ್ಲ. ಆದರೆ ಚಿತ್ರಾನ್ನದ ಡಬ್ಬಿ ಮುಚ್ಚಿಸಿ ಕಳಿಸಿದ ಜಾಗಕ್ಕಾಗಿ ಅವರು ಯಾಕಾದರೂ ಬಂದು ನಿಲ್ತಾರೆ?

ಅವತ್ತು ಸ್ವಲ್ಪ ಹೊತ್ತು ಬಿಟ್ಟು ನಾನೂ ಗೇಟಿನ ಹತ್ತಿರ ಹೋದೆ. ಮೂವರೂ ಫುಟ್‌ಪಾತಿನ ಅಂಚಿನಲ್ಲಿ, ಬಿಸಿಲಲ್ಲೇ ಕೂತು ಊಟ ಮುಗಿಸಿದ್ದರು. ಮೊಮ್ಮಗ ಬಾಟಲಿ ನೀರಲ್ಲಿ ಡಬ್ಬಿ ತೊಳೆದು ಆ ನೀರನ್ನು ಬೇಲಿಯ ಸಂದಿಯಿಂದ ಒಳಗಿನ ಗಿಡಕ್ಕೆ ಸುರೀತಿದ್ದ. ಕೇಸು ಏನಾಯಿತು ಅಂತ ಕೇಳೋಣ ಅಂದರೆ ಇನ್ನೂ ಎರಡೂವರೆ ಆಗಿರಲಿಲ್ಲ. “ಒಳಗೇ ಬನ್ನಿ ಅಜ್ಜ, ನೆರಳಲ್ಲಿ ಕೂತ್ಕೊಳ್ಳಿ” ಅಂದೆ.

“ಬ್ಯಾಡ ಬುಡಪ್ಪ” ಅಂದರು ಅಜ್ಜ. “ಅವರ ಪಾರ್ಕಂತೆ.”